ಫೈರ್ ಮಾವನ ನರಕಶೋಧನೆ

ಪಿಸುಮಾತು ಎಂಬ ವಿದ್ಯೆ ಫೈರ್ ಮಾವನಿಗೆ ಒಲಿಯಲೇ ಇಲ್ಲ. ಅಗ್ನಿಶಾಮಕ ದಳದಲ್ಲಿ ಗಂಟೆಯ ಸದ್ದನ್ನೂ ನೀರಿನ ಭೋರ್ಗರೆತವನ್ನೂ ಮೀರಿ ಕೂಗಿ ಕೂಗಿ ಪಳಗಿದ ಆ ಕಂಠ ನಿವೃತ್ತಿಯಾದ ಮೇಲೂ ತಗ್ಗಲು ಒಪ್ಪದೆ, ಚರ್ಚಿನಲ್ಲಿ ಅವರು ಪಕ್ಕದವರ ಕಿವಿಯಲ್ಲಿ ಗುಟ್ಟು ಹೇಳಿದರೆ ಕೊನೆಯ ಬೆಂಚಿನವರು ತಲೆದೂಗುತ್ತಿದ್ದರು. ಮೆಟ್ಟಿಲಿನ ನಡುವೆ ಎಂದೂ ಕಾಲಿಟ್ಟವರಲ್ಲ. ಉರಿಯುವ ಮನೆಯಲ್ಲಿ ಮೊದಲು ಕುಸಿಯುವುದು ಅದೇ ಎಂಬ ಭಯದಿಂದ ಗೋಡೆಗೆ ಭುಜ ಸವರಿಕೊಂಡೇ ಹತ್ತುವರು. ಹೀಗಾಗಿ ಅವರ ನೀಲಿ ಕೋಟಿನ ಎಡತೋಳಿನಲ್ಲಿ ಬೀದಿಯ ಎಲ್ಲ ಮನೆಗಳ ಸುಣ್ಣವೂ ಇರುತ್ತಿತ್ತು.

ಠಾಣೆಯ ಫೋನೆತ್ತಿದೊಡನೆ ಕೇಳಬೇಕಾದ ಮೂರು ಪ್ರಶ್ನೆಗಳು ಅವರ ನಾಲಿಗೆಗೆ ಅಂಟಿಬಿಟ್ಟಿದ್ದವು: ಎಲ್ಲಿ, ಏನು ಉರೀತಿದೆ, ಒಳಗೆ ಯಾರಿದ್ದಾರೆ? ಷಡ್ಡಕನ ಹೊಸ ಮನೆ ಕಂಡು ಹೊಟ್ಟೆ ಉರಿಯಿತೆಂದ ನೆರೆಯವನಿಗೂ ಅವನ್ನೇ ಕೇಳಿ, ಪಾಪ, ಅವನನ್ನು ನಗಿಸಿ ಕಳಿಸಿದ್ದರು.

ಅವರ ಅಕ್ಕ ಬಟ್ಟೆ ಹೊಲಿಯುವವಳು, ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವವಳು. ಭಾವ ಗಡಿಯಾರ ರಿಪೇರಿಯವರು. ಚರ್ಚಿನ ಗೋಪುರದ ಗಡಿಯಾರವನ್ನು ಪುಕ್ಕಟೆಯಾಗಿ ನಡೆಸಿಕೊಟ್ಟರೇ ಹೊರತು ಅದರ ಕೆಳಗಿನ ಹೊಸ್ತಿಲು ದಾಟಿದವರಲ್ಲ. ದೇವರ ಮಾತೆತ್ತಿದರೆ ಮುಗುಳ್ನಕ್ಕು ಕನ್ನಡಕ ಒರೆಸುತ್ತ ಕೂರುವರು. ಅವರು ತೀರಿಕೊಂಡಾಗ ಸಮಾಧಾನ ಹೇಳಲು ಬಂದ ಪ್ರಾರ್ಥನಾ ಗುಂಪಿನ ಹೆಂಗಸೊಬ್ಬಳು, ನಂಬದೆ ಹೋದವರಿಗೆ ನರಕವೇ ಗತಿಯಲ್ಲವೇ, ನೀವಾದರೂ ಗಟ್ಟಿಯಾಗಿರಿ ಎಂದು ಅಕ್ಕರೆಯಿಂದಲೇ ಹೇಳಿಹೋದಳು. ಅಂದಿನಿಂದ ಅಕ್ಕ ಚರ್ಚಿಗೆ ಹೋಗಲಿಲ್ಲ, ಹಾಡಲೂ ಇಲ್ಲ. ಗಂಡ ಅಲ್ಲಿ ಬೇಯುತ್ತಿದ್ದರೆ ತಾನು ಯಾವ ಬಾಯಿಂದ ಸ್ತುತಿ ಹಾಡಲಿ ಎಂಬುದು ಅವಳ ಸಂಕಟ.

ಅಕ್ಕನನ್ನು ಹೇಗಾದರೂ ಸಂತೈಸಬೇಕೆಂದು ಫೈರ್ ಮಾವ ಹೊರಟರು. ಆದರೆ ಚಾವಣಿ ಹೊತ್ತಿರುವಾಗ ಏನೂ ಆಗಿಲ್ಲವೆಂದು ಯಾರಿಗೂ ಸುಳ್ಳು ಸಮಾಧಾನ ಹೇಳಿದವರಲ್ಲ ಅವರು. ಪಾದ್ರಿಗಳ ಬಳಿ ಹೋಗಿ, ಸತ್ಯವೇದದಲ್ಲಿ ನರಕವಿರುವ ಕಡೆಗಳನ್ನೆಲ್ಲ ಮೂಲ ಭಾಷೆಯ ಹೆಸರುಗಳೊಡನೆ ಕೇಳಿ ತಿಳಿದರು. ಪಾದ್ರಿಗಳೂ ಕೈಯಲ್ಲಿದ್ದ ಕೆಲಸ ಬಿಟ್ಟು ಸಂತೋಷದಿಂದ ಹೇಳಿಕೊಟ್ಟರು. ಆಮೇಲೆ ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಹೊಲಿಗೆ ಕೋಣೆಯಲ್ಲಿ, ಬಟ್ಟೆಯ ಚೂರುಗಳ ನಡುವೆ, ವೇದಪುಸ್ತಕ ಬಿಚ್ಚಿ ಕುಳಿತರು.

ಎಲ್ಲಿ ಎಂದು ಕೇಳಿದರೆ ಒಂದಲ್ಲ, ನಾಲ್ಕಾರು ವಿಳಾಸಗಳು. ಹಳೆಯ ಒಡಂಬಡಿಕೆಯ ಷೆಯೋಲ್ ಸತ್ತವರೆಲ್ಲ ಇಳಿಯುವ ಮೌನದ ಪಾತಾಳ. ಮಗ ಸತ್ತನೆಂದು ನಂಬಿದ ಯಾಕೋಬನೂ ತಾನು ಅಲ್ಲಿಗೇ ಇಳಿಯುವೆನೆಂದು ಅತ್ತಿದ್ದ. ಗ್ರೀಕಿನಲ್ಲಿ ಅದಕ್ಕೆ ಹೇಡೀಸ್ ಎಂದು ಹೆಸರು. ತಾರ್ತರಸ್ ಎಂಬ ಕತ್ತಲ ಸೆರೆ ಬರುವುದು ಒಂದೇ ಕಡೆ, ಅದೂ ತಪ್ಪುಮಾಡಿದ ದೇವದೂತರಿಗೆ. ಯೇಸು ನರಕಕ್ಕೆ ಬಳಸಿದ ಹೆಸರಾದ ಗೆಹೆನ್ನವೋ ಜೆರೂಸಲೇಮಿನ ಗೋಡೆಯಾಚೆಗಿನ ನಿಜವಾದ ಕಣಿವೆ, ಹಿಂದೊಮ್ಮೆ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟು ಅಪವಿತ್ರಗೊಳಿಸಿದ ನೆಲ.

ಏನು ಉರೀತಿದೆ ಎಂದಾಗ ಅವರ ವೃತ್ತಿಬುದ್ಧಿ ತಬ್ಬಿಬ್ಬಾಯಿತು. ಒಂದೆಡೆ ಆರದ ಬೆಂಕಿ, ಗಂಧಕದ ಕೆರೆ. ಇನ್ನೊಂದೆಡೆ ಹೊರಗಣ ಕತ್ತಲೆ, ಹಲ್ಲು ಕಡಿಯುವ ಸದ್ದು, ಸಾಯದ ಹುಳು. ಇಷ್ಟು ಉರಿಯಿದ್ದಲ್ಲಿ ಕತ್ತಲೆ ಉಳಿದೀತೇ, ಹುಳು ಬದುಕೀತೇ? ತಮ್ಮ ಸರ್ವೀಸಿನಲ್ಲಿ ಇಂಥ ಬೆಂಕಿ ಕಂಡಿಲ್ಲವೆಂದರು. ಫೋನಿನಲ್ಲಿ ಗಾಬರಿಯಿಂದ ಕೂಗುವವರು ಮನೆಯ ನಕ್ಷೆ ಹೇಳುವುದಿಲ್ಲ, ಹಾಗೆಂದು ಬೆಂಕಿ ಸುಳ್ಳೂ ಅಲ್ಲ ಎಂಬುದು ಅವರ ತೀರ್ಮಾನ. ಹೇಡೀಸಿನ ಜ್ವಾಲೆಯಲ್ಲಿ ಹನಿ ನೀರಿಗೆ ಬೇಡಿದ ಐಶ್ವರ್ಯವಂತನ ಕಥೆಯನ್ನೂ ಒಂದಕ್ಷರ ನುಂಗದೆ ಓದಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಉಳಿದದ್ದು ಮೂರನೆಯ ಪ್ರಶ್ನೆ. ಗೆಹೆನ್ನದ ಎಚ್ಚರಿಕೆಯನ್ನು ಯೇಸು ಹೆಚ್ಚಾಗಿ ಹೇಳಿದ್ದು ಹೊರಗಿನವರಿಗಲ್ಲ, ತನ್ನ ಶಿಷ್ಯರಿಗೆ ಮತ್ತು ಭಕ್ತಿಯಲ್ಲಿ ಹೆಸರಾದವರಿಗೆ ಎಂದು ಅವರು ಪುಟ ತಿರುಗಿಸಿ ತಿರುಗಿಸಿ ತೋರಿಸಿದರು. ಸಹೋದರನನ್ನು ಮೂರ್ಖನೆಂದು ಜರೆದವನೂ ಅಗ್ನಿನರಕಕ್ಕೆ ಗುರಿಯಾಗುವನು ಎಂಬ ಜಾಗ ಬಂದಾಗ ಅಕ್ಕ ಸೆರಗು ಸರಿಸಿದಳು. ತೊಟ್ಟಿಲಲ್ಲಿದ್ದಾಗಿನಿಂದ ತಮ್ಮನನ್ನು ಆಕೆ ಕರೆಯುತ್ತಿದ್ದುದು ಒಂದೇ ಹೆಸರಿನಿಂದ.

“ಹಾಗಾದ್ರೆ ನಿಮ್ಮ ಭಾವನಿಗಿಂತ ಮುಂಚೆ ನಾನೇ ಹೋಗ್ಬೇಕಲ್ಲೋ, ಪೆದ್ದ” ಎಂದಳು.

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಹೊಳೆದು ನಗು ಬಂತು. ಅತ್ತು ಅತ್ತು ಒಣಗಿದ್ದ ಆ ಮನೆಯಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ಚೆಂದದ ನಗು ಅದು! ನಗು ಇಳಿದ ಮೇಲೆ ಅವಳು ಮೆಲ್ಲನೆ ಕೇಳಿದಳು, ಅವರು ಎಲ್ಲಿದ್ದಾರೆ ಹೇಳು.

“ನಂಗೊತ್ತಿಲ್ಲ ಅಕ್ಕ. ಪಾತಾಳದ ಬೀಗದ ಕೈ ಯಾರ ಹತ್ರ ಇದೆ ಅಂತ ಮಾತ್ರ ಇದರಲ್ಲಿ ಬರೆದಿದೆ. ಅದನ್ನ ಹಿಡಿದಿರೋ ಯೇಸುವಿನ ಕೈಯಲ್ಲಿ ಮೊಳೆ ಹೊಡೆದ ಗಾಯ ಇದೆ. ಅಂಥವನು ಭಾವನನ್ನ ಒಳಗೆ ಬಿಟ್ಟು ಬೀಗ ಹಾಕ್ಕೊಂಡು ಹೋಗ್ತಾನೆ ಅಂತ ನನಗನ್ನಿಸಲ್ಲ.”

ಮುಂದಿನ ಭಾನುವಾರ ಅಕ್ಕ ಚರ್ಚಿಗೆ ಬಂದು, ಅದೇ ಪ್ರಾರ್ಥನಾ ಗುಂಪಿನ ಹೆಂಗಸಿನ ಪಕ್ಕದಲ್ಲೇ ಕುಳಿತು, ಕೀರ್ತನೆ ಎತ್ತಿಕೊಟ್ಟಳು. ಆ ಹೆಂಗಸು ಅವಳ ಕೈಹಿಡಿದು ಹಾಡಿದಳು.

ಬೆಂಕಿಯನ್ನು ದೂರದಿಂದ ಕಂಡವರಿಗೆ ಅದರ ಎತ್ತರ, ಬಣ್ಣ, ಶಾಖಗಳ ವರ್ಣನೆಯೇ ದೊಡ್ಡದಾಗಿ, ಒಳಗೆ ಯಾರ್ಯಾರು ಇರಬೇಕೆಂಬ ತೀರ್ಪೂ ಸಲೀಸಾಗಿ ಬಾಯಿಗೆ ಬರುತ್ತದೆ. ಫೈರ್ ಮಾವನಂಥವರಿಗೆ ಅದು ಸಾಧ್ಯವಿಲ್ಲ. ಒಳಹೊಕ್ಕು ಒಂದು ಜೀವವನ್ನಾದರೂ ಹೆಗಲ ಮೇಲೆ ಹೊತ್ತು ತಂದವರು, ಇನ್ನು ಒಳಗೆ ಯಾರೂ ಉಳಿದಿಲ್ಲವೆಂದು ತಿಳಿಯುವ ತನಕ ಮನೆಗೆ ಹೋಗುವುದಿಲ್ಲ.