ಎಡಗೈ ಎಳೆದ ಗೆರೆಗಳು

ನಮ್ಮೂರು ಮಸೂತಿಯಲ್ಲಿ ನನ್ನಷ್ಟು ಚೆಂದ ರುಮಾಲು ಸುತ್ತುವವರು ಇರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಎಪ್ಪತ್ನಾಲ್ಕನೇ ಇಸವಿಯ ಸುಗ್ಗಿಯಲ್ಲಿ ಜೋಳದ ಕಣಿಕೆ ಹೇರಿದ ಬಂಡಿಯ ಮೇಲಿಂದ ಬಿದ್ದು ಬಲಭುಜದ ಎಲುಬು ಮುರಿದುಕೊಂಡೆ. ಎಲುಬೇನೋ ಕೂಡಿತು. ಕೈ ಮಾತ್ರ ಮೇಲೇಳಲಿಲ್ಲ.

ಬಾಗೇವಾಡಿಯ ದವಾಖಾನೆಯಲ್ಲಿ ಮುರಿದ ಕೈಕಾಲಿಗೆ ಕಸರತ್ತು ಕಲಿಸುವ ನರ್ಸ್ ಬಾಯಿಯವರೊಬ್ಬರಿದ್ದರು. ಗೋಡೆಗೆ ಎದುರಾಗಿ ನಿಂತು ಬಲಗೈ ಬೆರಳುಗಳನ್ನು ಮೆಲ್ಲಗೆ ಮೇಲೆ ಹತ್ತಿಸಬೇಕು, ಮುಟ್ಟಿದಲ್ಲಿ ಇದ್ದಲಿಯಿಂದ ಗೆರೆ ಎಳೆಯಬೇಕು, ದಿನಕ್ಕೆ ಮೂರು ಸಲ, ಮನೆಯಲ್ಲೇ ಎಂದರು. ಮೂರು ತಿಂಗಳು ಬಿಡದೆ ಮಾಡಿದರೆ ಕೈ ಬರುತ್ತದೆ, ಬಿಟ್ಟರೆ ಬಿಗಿದು ಕೂರುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಎಂದು ಹೆದರಿಸಿಯೇ ಕಳಿಸಿದರು.

ನಾಲ್ಕನೆಯ ತಿಂಗಳಿಗೆ ನನ್ನ ಮಗಳ ಮದುವೆಯಿತ್ತು. ಬೀಗರು ಉಡುಗೊರೆಯಾಗಿ ಆಹೇರ ಮಾಡಿದ ರುಮಾಲನ್ನು ಹೆಣ್ಣಿನ ತಂದೆ ಹಂದರದಲ್ಲಿ ನಿಂತು ತಾನೇ ಸುತ್ತಿಕೊಳ್ಳಬೇಕು. ನಮ್ಮಲ್ಲಿ ಇನ್ನೊಬ್ಬರಿಂದ ಸುತ್ತಿಸಿಕೊಳ್ಳುವುದು ಮದುಮಗ, ಇಲ್ಲವೆ ಹೆಣ.

ಮೊದಲ ದಿನ ಹೆಂಡತಿ ಶಂಕ್ರೆವ್ವ ಪಕ್ಕದಲ್ಲೇ ನಿಂತಿದ್ದಳು. ಬೆರಳು ಎದೆಯ ಮಟ್ಟಕ್ಕೆ ಏರುವಷ್ಟರಲ್ಲಿ ಜೀವ ಬಾಯಿಗೆ ಬಂತು. ಅಲ್ಲಿಗೊಂದು ಗೆರೆ ಎಳೆದೆ. ಮರುದಿನದಿಂದ ಅವಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಜೋಳದ ಚೀಲ ಹೊರುವ ಗಂಡಸು ಗೋಡೆಯ ಮೇಲೆ ಬೆರಳಾಡಿಸುವುದನ್ನು ಓಣಿಯ ಮಂದಿ ನೋಡಿದರೆ? ಒಳಗೆ ಹೊರಸಿನ ಮೇಲೆ ಬಿದ್ದುಕೊಂಡು ಬೀಡಿ ಸೇದುತ್ತಿದ್ದೆ. ಬಾಗಿಲು ತೆಗೆಯುವ ಮೊದಲು ಎಡಗೈಯಿಂದ ಒಂದು ಬೆರಳು ಮೇಲಕ್ಕೆ ಹೊಸ ಗೆರೆ.

ಪ್ರತಿ ಗೆರೆಗೂ ಶಂಕ್ರೆವ್ವನ ಮುಖ ಅರಳುತ್ತಿತ್ತು. ಬಾವಿಕಟ್ಟೆಯಲ್ಲಿ ಹೇಳಿದಳು. ಝಳಕಿಯ ಬೀಗ ಶ್ರೀಶೈಲಪ್ಪನವರಿಗೂ ಹೇಳಿಕಳಿಸಿದಳು. ಮದುವೆಗೆಂದು ಮನೆಗೆಲ್ಲ ಸುಣ್ಣ ಹಚ್ಚಿದಾಗ ಆ ಗೆರೆಗಳಿದ್ದ ಪಟ್ಟಿಯೊಂದನ್ನು ಹಾಗೇ ಬಿಟ್ಟಳು. ಅದನ್ನು ನೋಡಿಯಾದರೂ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ.

ಹಂದರದಲ್ಲಿ ಬೀಗರು ಹೊಸ ರುಮಾಲು ಕೈಗಿಟ್ಟರು. ಎಡಗೈ ಒಂದು ತುದಿ ಹಿಡಿಯಿತು. ಬಲಗೈ ಎದೆಯ ತನಕವೂ ಬರದೆ ನಿಂತಿತು. ತಲೆಯನ್ನೇ ಕೈಯ ಹತ್ತಿರಕ್ಕೆ ಬಗ್ಗಿಸಿದೆ. ಬಟ್ಟೆ ಕೊರಳಿಗೆ ಜಾರಿತು. ಯಾರೋ ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ನಗುತ್ತಲೇ ಇದ್ದಿದ್ದರೆ ಚೆನ್ನಾಗಿತ್ತು. ಶ್ರೀಶೈಲಪ್ಪನವರು ಬಟ್ಟೆ ತೆಗೆದುಕೊಂಡು ತಾವೇ ನನ್ನ ತಲೆಗೆ ಸುತ್ತಿದರು. ಅತ್ತ ಶಂಕ್ರೆವ್ವ ಹೆಂಗಸರಿಗೆ ಹೇಳುತ್ತಿದ್ದುದು ಕೇಳಿಸಿತು: ಮನೆಯಲ್ಲಿ ಕೈ ಬಾಗಿಲಿನ ಮೇಲಿನ ತನಕ ಹೋಗುತ್ತದೆ, ಇವತ್ತು ಮಂದಿ ಮುಂದೆ ಸಂಕೋಚಪಟ್ಟರು ಅಷ್ಟೇ ಎಂದು.

ಮಗಳನ್ನು ಕಳಿಸಿಕೊಟ್ಟ ಮರುದಿನ ಅವಳು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದಳು.

"ಮ್ಯಾಲಿನ ಗೆರಿ ಮುಟ್ಟರಿ."

ಬಲಗೈ ಮೊದಲ ದಿನದ ಗೆರೆಯನ್ನೂ ಮುಟ್ಟಲಿಲ್ಲ. ಅವಳು ಗೆರೆಗಳನ್ನು ನೋಡಿದಳು, ಆಮೇಲೆ ನನ್ನ ಎಡಗೈ ನೋಡಿದಳು. ಬೈಯಲಿ ಎಂದು ಕಾದೆ. ಅವಳು ಉಳಿದಿದ್ದ ಸುಣ್ಣ ಕಲಸಿ ತಂದು, ಎಲ್ಲಕ್ಕಿಂತ ಕೆಳಗಿನ ಗೆರೆಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಬಳಿದು ಮುಚ್ಚಿದಳು.

ನಾನು ರೂಢಿಯಂತೆ ಬಾಗಿಲು ಹಾಕಲು ಹೊರಟೆ.

"ಬಾಗಲಾ ಹಾಕಬ್ಯಾಡ್ರಿ," ಎಂದಳು. "ಇನ್ನ ನಿಮ್ಮ ಮಾತ ನಾ ನಂಬೂದಿಲ್ಲ. ನೋಡಕೋತ ಕುಂದರ್ತೇನಿ."

ಹೊಸ್ತಿಲ ಬಳಿ ಕುಳಿತಳು. ಅವಳ ಹಿಂದೆ ಓಣಿಯಲ್ಲಿ ಮಂದಿ ಹಾದುಹೋಗುತ್ತಿದ್ದರು. ನಾನು ಗೋಡೆಗೆ ಬೆರಳು ಹಚ್ಚಿದೆ.