ಇಟ್ಟೆ ಅಂದ ಕಲ್ಲು

ಪಾಲಹಳ್ಳಿಯ ಮರಿಯಯ್ಯನ ಮನೆ ಮುಂದೆ ಸೊಸೆ ಅರ್ಪಿತ ಪಿಕಪ್ ಗಾಡಿಯ ಟೈರು ಬದಲಿಸಲು ಕೂತಿದ್ದಳು. ಅವಳ ಗಂಡ ದೇವರಾಜು ಇದೇ ಗಾಡಿಯಡಿ ಸಿಕ್ಕಿ ಸತ್ತು ಹನ್ನೊಂದು ತಿಂಗಳಾಗಿತ್ತು. ಆಮೇಲೆ ಡ್ರೈವಿಂಗ್ ಕಲಿತು, ಊರವರ ತರಕಾರಿಯನ್ನು ಪಾಂಡವಪುರದ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದವಳು ಅವಳೇ. ಮುಂದಿನ ಟೈರುಗಳು ಅಂಚಿನಲ್ಲಿ ಸವೆದಿದ್ದವು. ಅವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಬೇಕಿತ್ತು.

ಮರಿಯಯ್ಯ ಜಗುಲಿಯ ಮೇಲಿಂದ ನೋಡುತ್ತಿದ್ದ. ದೇವರಾಜು ಗಾಡಿ ಎತ್ತಿದ್ದು ಇಳಿಜಾರಿನ ಅಂಗಳದಲ್ಲಿ. ಇವಳು ಸಮತಟ್ಟಾದ ಸಿಮೆಂಟು ನೆಲಕ್ಕೆ ತಂದು ನಿಲ್ಲಿಸಿದ್ದಳು. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲ ಮಾಡಿದಳು. ಜಾಕಿನಡಿ ಅಗಲವಾದ ಹಲಗೆ ಕೊಟ್ಟಳು. ಸ್ಟೆಪ್ನಿ ಟೈರನ್ನು ಉರುಳಿಸಿ ತಂದು ಗಾಡಿಯ ಕೆಳಗೆ ಅಡ್ಡ ಮಲಗಿಸಿದಳು. ಜಾಕು ಜಾರಿದರೂ ಗಾಡಿ ಪೂರಾ ಕೆಳಗೆ ಬೀಳಬಾರದು.

"ಮಾವ, ಆ ಕಲ್ಲು ತಗಂಡು ಇಂದ್ಗಡೆ ಚಕ್ರಕ್ಕೆ ಕೊಡಿ," ಅಂದಳು.

ಮರಿಯಯ್ಯ ಕಲ್ಲೆತ್ತಿಕೊಂಡು ಎರಡು ಹೆಜ್ಜೆ ನಡೆದವನು ನಿಂತುಬಿಟ್ಟ.

"ಅವತ್ತೂ ಇಂಗೇ ಕೇಳ್ದ ಕಣವ್ವ."

"ಯಾರು?"

"ದೇವರಾಜು. ಅಪ್ಪಾ, ಚಕ್ರಕ್ಕೆ ಕಲ್ಲಿಡು ಅಂದ. ಅಷ್ಟ್ರಲ್ಲಿ ಕರ ಅಗ್ಗ ಕಿತ್ಕಂಡು ಅವರೆ ಗಿಡಕ್ಕೆ ನುಗ್ತು. ಅದರ ಇಂದೆ ಓಡ್ತಾ, ಇಟ್ಟೆ ಕಣ್ಲಾ ಅಂದ್ಬುಟ್ಟೆ. ಇಟ್ಟಿರ್ನಿಲ್ಲ."

ಅರ್ಪಿತಳ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಮರಿಯಯ್ಯ ತಲೆಯೆತ್ತಲಿಲ್ಲ. ಕರುವನ್ನು ಎಳೆದುಕೊಂಡು ಬರುವಷ್ಟರಲ್ಲಿ ಗಾಡಿ ಜರುಗಿ, ಜಾಕು ಮಗುಚಿ, ಮಗನ ಎದೆಯ ಮೇಲೆ ಕಬ್ಬಿಣ ಕೂತಿತ್ತು. ಸಾವಿನ ಮನೆಗೆ ಬಂದವರೆಲ್ಲ, ಕಲ್ಲು ಕೊಡದೆ ಗಾಡಿಯಡಿ ನುಗ್ಗೋದಾ, ಬುದ್ಧಿ ಬ್ಯಾಡ್ವಾ ಎಂದು ಲೊಚಗುಟ್ಟಿದ್ದರು. ಮರಿಯಯ್ಯ ಹೌದೆಂದು ತಲೆಯಾಡಿಸಿದ್ದ. ಆವತ್ತಿನಿಂದ ಇವತ್ತಿನವರೆಗೂ ತಲೆಯಾಡಿಸುತ್ತಲೇ ಬಂದಿದ್ದ.

"ನಾನೂ ಅವ್ರನ್ನೇ ಬಯ್ಕಂಡೆ," ಅಂದಳು ಅರ್ಪಿತ. ದನಿ ಏರಲಿಲ್ಲ. "ರಾತ್ರಿ ಮಲಗ್ದಾಗೆಲ್ಲ ಬಯ್ದಿವ್ನಿ. ನಿಮ್ಮಪ್ಪಂಗೆ ಬುದ್ಧಿ ಇರ್ನಿಲ್ಲ ಕಣೆ ಅಂತ ಚಿನ್ನುಗೆ ಎಷ್ಟು ಸಲ ಏಳಿವ್ನಿ. ಆ ಮಗೀಗೆ ಆರು ವರ್ಸ ಮಾವ. ಅದೂ ಅಂಗೇ ಅನ್ಕಂಡದೆ."

"ಬಾಯಿ ಬರ್ನಿಲ್ಲ ಕಣವ್ವ."

ಅವಳು ಎದ್ದು ಬಂದು ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡಳು. ತಾನೇ ಚಕ್ರದ ಹಿಂದೆ ಒತ್ತಿಟ್ಟು, ಕಾಲಲ್ಲಿ ಒದ್ದು ಗಟ್ಟಿಯಿದೆಯೇ ನೋಡಿದಳು. ಇನ್ನೊಂದು ಕಲ್ಲನ್ನು ಮುಂದೆ ಇಟ್ಟಳು. ಆಮೇಲೆ ಅವನ ಮುಖ ನೋಡದೆ ಅಂದಳು:

"ಅತ್ತೆಗೂ ಏಳ್ಬುಡಿ. ಇವತ್ತೇ. ಸಂಜೆ ಚಿನ್ನುಗೆ ನಾನು ಏಳ್ತೀನಿ."

ಅಡುಗೆಮನೆಯಲ್ಲಿ ಅವನ ಹೆಂಡತಿ ದ್ಯಾವಮ್ಮ ಸೊಪ್ಪು ಬಿಡಿಸುತ್ತಿದ್ದಳು. ಮರಿಯಯ್ಯ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು, ಮೊದಲಿಂದ ಕೊನೆಯವರೆಗೆ ಹೇಳಿದ. ಅವಳ ಕೈ ದಂಟು ಮುರಿಯುತ್ತಲೇ ಇತ್ತು. ಹೊರಗೆ ಜಾಕಿನ ಹಿಡಿ ಕಿರುಗುಟ್ಟುವುದು ಕೇಳುತ್ತಿತ್ತು.

"ನನ್ ಮಗ ಕಲ್ಲು ಇಡು ಅಂತ ಬಾಯ್ಬುಟ್ಟು ಕೇಳಿದ್ನಾ?"

"ಕೇಳ್ದ."

"ಒಂದೇ ಸಲಾನಾ?"

ಮರಿಯಯ್ಯನಿಗೆ ಸುಳ್ಳು ಹೇಳಬೇಕೆನ್ನಿಸಿತು. ನಾಲಗೆ ತುದಿಗೂ ಬಂದಿತ್ತು.

"ಎಲ್ಡು ಸಲ. ಇಟ್ಟಿದ್ದೀಯೇನಪ್ಪಾ ಅಂತ ಇನ್ನೊಂದ್ಸಲ ಕೂಗ್ದ."

ದ್ಯಾವಮ್ಮ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಗೋಡೆ ಹಿಡಿದುಕೊಂಡು ಎದ್ದು, ಗಂಡನನ್ನು ದಾಟಿ ಹೊರಗೆ ಹೋದಳು. ಸೊಸೆಯ ಪಕ್ಕದಲ್ಲಿ, ಬಿಸಿಲಲ್ಲೇ, ನೆಲಕ್ಕೆ ಕೂತುಬಿಟ್ಟಳು. ಅರ್ಪಿತ ಬಿಚ್ಚಿದ ನಟ್ಟುಗಳನ್ನು ಒಂದೊಂದಾಗಿ ಅತ್ತೆಯ ಸೆರಗಿಗೆ ಹಾಕಿದಳು. ಹೊರಗೆ ಬಾ ಅಂತ ಮರಿಯಯ್ಯನನ್ನು ಅವರಿಬ್ಬರೂ ಕರೆಯಲಿಲ್ಲ.