ಹಿತ್ತಿಲ ಕಡೆಯ ಬೆಳಕು

ಹಿಂಬದಿಯ ಕೊನೆಯ ಗೋಡೆ ಕುಸಿದು ಧೂಳು ಅಡಗುತ್ತಿದ್ದಂತೆ ಹಿತ್ತಿಲಿನ ಬಿಸಿಲು ಮೊದಲ ಸಲ ನಡುಮನೆಯವರೆಗೆ ಬಂದು ಬಿತ್ತು. ಗಿರಿಧರ್ ಮೂಗಿಗೆ ಕಟ್ಟಿಕೊಂಡಿದ್ದ ಟವೆಲು ಬಿಚ್ಚಿ, ಇಟ್ಟಿಗೆ ಚೂರುಗಳನ್ನು ದಾಟಿಕೊಂಡು ಮುಂದಿನ ಕೋಣೆಗೆ ಓಡಿದ.

"ಪ್ರಣಮ್ಯಾ, ಬಿಸಿಲು ಒಳಗೆ ಬಂತಮ್ಮಾ! ಇಲ್ಲಿಂದಲೇ ಕಾಣತ್ತೆ ನೋಡು."

ಮಂಚದ ಮೇಲಿದ್ದ ಮಗಳು ಫೋನಿನಿಂದ ಕಣ್ಣೆತ್ತಲಿಲ್ಲ. "ಕದವೆ ಮೂಡುಪ್ಪಾ, ತೂಸಿ ವರುದು," ಎಂದಳು. ಅಪ್ಪ ಕನ್ನಡದಲ್ಲಿ ಏನು ಕೇಳಿದರೂ ಚಿಕ್ಕಂದಿನಿಂದ ಅವಳ ಉತ್ತರ ತಮಿಳಿನಲ್ಲೇ. ಧೂಳು ಬರುತ್ತಿದೆಯೆಂದು ಗಿರಿಧರ್ ಕದ ಎಳೆದುಕೊಂಡು ಹೊರಗೆ ನಿಂತ.

ಪಲ್ಲಾವರಂನ ಆ ಮನೆಯನ್ನು ಅವನ ತಂದೆ ಬಾಡಿಗೆಗೆಂದು ಪೋರ್ಷನ್ನುಗಳಾಗಿ ಒಡೆದಿದ್ದರು. ಬಾಡಿಗೆಯವರು ಬಿಟ್ಟುಹೋಗಿ ಬಹಳ ಕಾಲವಾಗಿದ್ದರೂ ಅಡ್ಡಗೋಡೆಗಳು ಹಾಗೇ ಉಳಿದಿದ್ದವು. ಮಟಮಟ ಮಧ್ಯಾಹ್ನವೂ ದೀಪ ಹಾಕದೆ ಅನ್ನ ಬಸಿಯುವಂತಿರಲಿಲ್ಲ. ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಕಳೆದ ವರ್ಷ ಶೋಳಿಂಗನಲ್ಲೂರಿನ ಆಫೀಸಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಪ್ರಣಮ್ಯಾಳಿಗೆ ನೀರಿನ ಲಾರಿ ಬಡಿಯಿತು. ಸೊಂಟದಿಂದ ಕೆಳಗೆ ಸ್ಪರ್ಶವೇ ಇಲ್ಲವಾಯಿತು. ಆಸ್ಪತ್ರೆಯಿಂದ ತಂದ ಗಾಲಿಕುರ್ಚಿ ಮನೆಯ ಮೊದಲ ಬಾಗಿಲಿಗೇ ಸಿಕ್ಕಿಕೊಂಡಿತು.

ಅವಳನ್ನು ಮಗ್ಗುಲಾಗಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಬಟ್ಟೆ ಬದಲಿಸುವುದು ಎಲ್ಲ ತಾಯಿ ವಿನೋದಾಳ ಪಾಲಿಗೆ ಬಂದವು. ಗಿರಿಧರನಿಗೆ ಆ ಕೋಣೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಹೆಂಡತಿ ಬಿಸಿನೀರಿನ ಬೇಸಿನ್ನು ಎತ್ತಿಕೊಂಡರೆ ಸಾಕು, ಔಷಧಿ ತರುವ ನೆಪದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ಅಂಥವನು, ಬ್ಯಾಂಕಿನ ಸಹೋದ್ಯೋಗಿಯ ಮಗ ಶ್ರೀನಾಥ್ ಮನೆಯ ಹೊಸ ನಕ್ಷೆ ಬರೆದುಕೊಟ್ಟ ದಿನ ಮೈಮೇಲೆ ಬಂದವನಂತಾದ. ಒಳಗಿನ ಗೋಡೆಗಳನ್ನೆಲ್ಲ ತೆಗೆದು, ಹಿತ್ತಿಲಿನವರೆಗೆ ಚಾಚಿದ ಒಂದೇ ದೊಡ್ಡ ಹಾಲ್. ಚಾವಣಿಯಲ್ಲಿ ಗಾಜು, ಹಿಂದೆ ಗಾಜಿನ ಬಾಗಿಲು, ಅಲ್ಲಿಂದ ನುಗ್ಗೆಮರದ ಬುಡಕ್ಕೆ ಇಳಿಜಾರು.

"ರೀ, ಅವಳಿಗೇಂತ ಒಂದು ಚಿಕ್ಕ ರೂಮಾದ್ರೂ ಬಿಡಿ," ಎಂದಳು ವಿನೋದಾ.

"ರೂಮು ಮಾಡಿದ್ರೆ ಮತ್ತೆ ಅದೇ ಕತ್ತಲೆ. ಅವಳೇ ಚೇರು ತಳ್ಕೊಂಡು ಹಿತ್ತಲಿಗೆ ಹೋಗ್ಬರ್ಬೇಕು ಕಣೇ."

"ಹೋಗ್ತೀನಿ ಅಂತ ಅವಳು ಹೇಳಿದ್ಲಾ?"

ಗಿರಿಧರ್ ಟೈಲ್ಸಿನ ತುಂಡುಗಳನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತಿದ್ದ.

ಮುಂದಿನ ಕೋಣೆಯ ಗೋಡೆಯೂ ಹೋಗಿ, ಕೆಲಸ ಮುಗಿದು, ಗಾಜಿನ ಚಾವಣಿಯ ಕೆಳಗೆ ಅವಳ ಮಂಚ ಹಾಕಿದರು. ಬೆಳಿಗ್ಗೆ ಅಲ್ಲಿ ನಿಜಕ್ಕೂ ಚಿನ್ನದಂಥ ಬೆಳಕು. "ಹೇಗಿದೆ?" ಎಂದ. "ನಲ್ಲಾ ಇರುಕ್ಕುಪ್ಪಾ," ಎಂದು, ಚೆನ್ನಾಗಿದೆಯೆಂಬಂತೆ ತಲೆಯಾಡಿಸಿ, ಅವಳು ದುಪಟ್ಟಾವನ್ನು ಕಣ್ಣ ಮೇಲೆ ಎಳೆದುಕೊಂಡಳು. ಇಳಿಜಾರು ಎಷ್ಟು ಸಲೀಸು ಎಂದು ತೋರಿಸಲು ಗಿರಿಧರ್ ಖಾಲಿ ಗಾಲಿಕುರ್ಚಿಯಲ್ಲಿ ತಾನೇ ಕೂತು ಹಿತ್ತಿಲಿಗೆ ಇಳಿದ. ಮೇಲಕ್ಕೆ ಬರಲು ಮಾತ್ರ ತೋಳು ಸೋತಿತು. ಒಳಗಿನಿಂದ ಅವಳು ನೋಡುತ್ತಿರಬಹುದೆಂದು, ನಗುತ್ತ, ಎದ್ದು ಅದನ್ನು ತಳ್ಳಿಕೊಂಡು ಬಂದ. ಅವಳು ಗೋಡೆಯ ಕಡೆಗೆಂಬಂತೆ ಮುಖ ತಿರುಗಿಸಿದ್ದಳು. ಆ ಕಡೆ ಈಗ ಗೋಡೆಯಿರಲಿಲ್ಲ, ಅಡುಗೆಯ ಕಟ್ಟೆಯಿತ್ತು. ಅಲ್ಲಿ ವಿನೋದಾ ನಿಂತು ಅವಳನ್ನೇ ನೋಡುತ್ತಿದ್ದಳು.

ಹೊಸ ಮನೆಗೆ ಒಂದು ಹೋಮವಾದರೂ ಆಗಲೇಬೇಕೆಂದು ತಿರುವೊಟ್ಟಿಯೂರಿನಿಂದ ಗಿರಿಧರನ ಸೋದರತ್ತೆ ಜಾನಕಮ್ಮ ಹಟ ಹಿಡಿದು ಬಂದರು. ನೆಂಟರು ತುಂಬಿದರು. ಬಂದವರೆಲ್ಲ ಮೊದಲು ಚಾವಣಿ ನೋಡಿದರು, ಆಮೇಲೆ ಅದರ ಕೆಳಗಿದ್ದವಳನ್ನು. "ಎಷ್ಟು ಬೆಳಕು, ಎಷ್ಟು ವೆಳಿಚ್ಚ ಬಂದಿದೆಯೋ ಗಿರೀ, ಅರಮನೆ ಹಾಗಿದೆ!" ಎಂದರು ಜಾನಕಮ್ಮ. ಗಿರಿಧರ್ ಎಲ್ಲರನ್ನೂ ಇಳಿಜಾರಿನವರೆಗೆ ಕರೆದುಕೊಂಡು ಹೋಗಿ ತೋರಿಸಿದ.

ಎಲೆ ಹಾಕಿ ಅನ್ನ ಬಡಿಸಿದ ಮೇಲೆ ಪ್ರಣಮ್ಯಾ ಮೆಲ್ಲಗೆ ಅಮ್ಮನನ್ನು ಕರೆದಳು. ವಿನೋದಾ ಬಗ್ಗಿ ಕೇಳಿ, ಹೊದಿಕೆ ಎತ್ತಿ ನೋಡಿ, ತಟ್ಟನೆ ಮುಚ್ಚಿದಳು. ವಾಸನೆ ಆಗಲೇ ಹರಡುತ್ತಿತ್ತು. ಕೆಡವದೆ ಉಳಿದಿದ್ದು ದೇವರಮನೆ ಮತ್ತು ಬಚ್ಚಲು. ಎರಡರೊಳಗೂ ಮಂಚ ಹಿಡಿಯುವುದಿಲ್ಲ. ಊಟಕ್ಕೆ ಕೂತವರನ್ನು ನಡುವೆ ಎಬ್ಬಿಸುವಂತಿಲ್ಲ.

"ನಾವೇನು ಹೊರಗಿನವರೇನಮ್ಮ? ನೀನು ಮಾಡು," ಎಂದರು ಜಾನಕಮ್ಮ ಎಲೆಯಿಂದ ತಲೆಯೆತ್ತಿ, ಪ್ರೀತಿಯಿಂದಲೇ.

ಪ್ರಣಮ್ಯಾ ತಂದೆಯತ್ತ ನೋಡಿದಳು. "ಅಪ್ಪಾ, ಬಾಗ್ಲು ಎಲ್ಲಿದೆ?" ಎಂದಳು, ಕನ್ನಡದಲ್ಲಿ.

ಕೈಯಲ್ಲಿದ್ದ ತುಪ್ಪದ ಗಿಂಡಿಯನ್ನು ಗಿರಿಧರ್ ಕೆಳಗಿಟ್ಟ. ಸುತ್ತ ನೋಡಿ, ಮಡಿಸಿಟ್ಟಿದ್ದ ಹೊಸ ಹಾಸುಬಟ್ಟೆಯೊಂದನ್ನು ಕೊಡವಿ, ಎರಡೂ ತುದಿ ಹಿಡಿದು ಬೆನ್ನ ಹಿಂದೆ ಇಳಿಬಿಟ್ಟು, ಮಂಚಕ್ಕೂ ಪಂಕ್ತಿಗೂ ನಡುವೆ ತೋಳೆತ್ತಿ ನಿಂತ. ಮಗಳಿಗೆ ಬೆನ್ನು, ಊಟದವರಿಗೆ ಮುಖ. ಹಿಂದೆ ವಿನೋದಾ ಒದ್ದೆಬಟ್ಟೆ ಹಿಂಡುವ ಸದ್ದು. ಮೇಲಿನ ಗಾಜು, ಹಿತ್ತಿಲಿನ ಗಾಜು ಎರಡರಿಂದಲೂ ಬಿಸಿಲು ಸುರಿಯುತ್ತಿತ್ತು. ಊಟ ಮಾಡುತ್ತಿದ್ದವರು ಒಬ್ಬೊಬ್ಬರಾಗಿ ಕಣ್ಣು ತಗ್ಗಿಸಿದಾಗಲೇ ಅವನು ಕತ್ತು ಹೊರಳಿಸಿ ಬಟ್ಟೆಯತ್ತ ನೋಡಿದ್ದು. ಎತ್ತಿ ಹಿಡಿದ ಕಾಲು, ಒರೆಸುತ್ತಿದ್ದ ಕೈ, ಎಲ್ಲ ಅದರ ಮೇಲೆ ನೆರಳಾಗಿ ಸ್ಪಷ್ಟವಾಗಿ ಮೂಡಿದ್ದವು.

ಅವನು ಬಟ್ಟೆಯನ್ನು ಇನ್ನಷ್ಟು ಮೇಲೆತ್ತಿದ. ಪಂಕ್ತಿಯ ಕೊನೆಯಲ್ಲಿ ಯಾರೋ, ತಲೆಯೆತ್ತದೆ, ಸಾರು ಬೇಕೆಂದು ಮೆಲ್ಲಗೆ ಕೇಳಿದರು.